ಎಂಟನೆಯ ತಲೆ

ನಾವು ಆ ಬೀದಿಗೆ ಹೊಸದಾಗಿ ಬಂದಾಗ ಕೂದಲಕ್ಕನನ್ನು ಮಾಟಗಾತಿ ಎಂದೇ ನಂಬಿದ್ದೆವು. ನಂಬದೆ ಏನು ಮಾಡುವುದು? ಹಿತ್ತಲಿನ ಹಗ್ಗದ ಮೇಲೆ ಊರವರೆಲ್ಲ ಬಟ್ಟೆ ಒಣಹಾಕಿದರೆ ಆಕೆ ಮೊಳದುದ್ದದ ಕೂದಲಿನ ಕಂತೆಗಳನ್ನು ಒಣಹಾಕುತ್ತಿದ್ದಳು. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡ ಹೆಂಗಸರು ಅತ್ತಿತ್ತ ನೋಡಿ ಒಳಗೆ ನುಸುಳುತ್ತಿದ್ದರು. ಗಂಟೆ ಕಳೆದ ಮೇಲೆ ಬೇರೆಯವರೇ ಆಗಿ, ಕತ್ತು ನೆಟ್ಟಗೆ ಮಾಡಿಕೊಂಡು ಹೊರಬರುತ್ತಿದ್ದರು. ಇದನ್ನು ಬರೆಯುತ್ತಿರುವವನಂತೂ ಕ್ಷೌರದಂಗಡಿಯಲ್ಲಿ ಕತ್ತರಿಸಿದ ತನ್ನ ಕೂದಲನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಮನೆಗೆ ತಂದು ಸುಡುತ್ತಿದ್ದ. ಆ ನಾತಕ್ಕೆ ಅಕ್ಕಪಕ್ಕದವರು ಅವನನ್ನೇ ಮಾಟಗಾರನೆಂದು ತಿಳಿದರಂತೆ. ಕೊನೆಗೆ, ಕಾಯಿಲೆಯಿಂದ ಎದ್ದ ಅವನ ಚಿಕ್ಕಮ್ಮನೇ ಒಂದು ಮಧ್ಯಾಹ್ನ ಭುಜದವರೆಗೆ ಕೂದಲು ಇಳಿಬಿಟ್ಟುಕೊಂಡು ಆ ಮನೆಯಿಂದ ಹೊರಬಂದಾಗ ವಿಷಯ ತಿಳಿಯಿತು. ಕೂದಲಕ್ಕ ವಿಗ್ ಕಟ್ಟುವವಳು.

ಆಕೆಗೆ ಐವತ್ತು ದಾಟಿತ್ತು. ಮಾತು ಕಡಿಮೆ. ಆಕೆಯ ಪಾಲಿನ ಮಾತನ್ನೂ ಸೇರಿಸಿ ಜೊತೆಗಿದ್ದ ತಂಗಿಯೇ ಆಡಿ ಮುಗಿಸುತ್ತಿದ್ದಳು. ಕೆಲಸವೋ, ಹೆಸರಿಗೆ ಹಗುರ, ಕಣ್ಣಿಗೆ ಭಾರ. ಗಿರಾಕಿಯ ಅಳತೆಗೆ ಸರಿಯಾದ ಒಂದು ಮರದ ತಲೆ, ಅದರ ಮೇಲೆ ಬಿಗಿದ ತೆಳು ಬಲೆ, ಆ ಬಲೆಯ ಒಂದೊಂದು ಕಣ್ಣಿಗೂ ಕೊಕ್ಕೆಸೂಜಿಯಿಂದ ಒಂದೊಂದೇ ಕೂದಲಿನ ಗಂಟು. ಒಂದು ವಿಗ್ ಮುಗಿಯಲು ಒಂದೂವರೆ ತಿಂಗಳು. ಬಣ್ಣ ಹೊಂದಿಸುವುದು ಮಾತ್ರ ಹಗಲು ಬೆಳಕಿನಲ್ಲೇ ಆಗಬೇಕು. ದೀಪದ ಕೆಳಗೆ ಎಲ್ಲ ಕೂದಲೂ ಸುಳ್ಳು ಹೇಳುತ್ತದೆ ಎನ್ನುವುದು ಆಕೆಯ ಮಾತು. ಹಾಗಾಗಿ ಬಂದವರು ಯಾರೇ ಆಗಲಿ, ಹಿಂದಿನ ಕೋಣೆಯ ದೊಡ್ಡ ಕಿಟಕಿಯ ಬಳಿ, ತಲೆ ಬರಿದು ಮಾಡಿಕೊಂಡು, ಅರ್ಧ ಗಂಟೆಯಾದರೂ ಕೂರಲೇಬೇಕು. ಗಂಡನ ಮುಂದೆ, ಮಕ್ಕಳ ಮುಂದೆ, ಕನ್ನಡಿಯ ಮುಂದೆಯೂ ಬಿಚ್ಚದ ತಲೆಯನ್ನು ಅಲ್ಲಿ ಬಿಚ್ಚುತ್ತಿದ್ದರು. ಅದಕ್ಕೇ ಕೂದಲಕ್ಕನ ಪುಸ್ತಕದಲ್ಲಿ ಹೆಸರುಗಳಿರಲಿಲ್ಲ, ತಲೆಯ ಸುತ್ತಳತೆ ಮಾತ್ರ. ಸಂತೆಯಲ್ಲಿ ಗಿರಾಕಿ ಎದುರಾದರೆ ಆಕೆ ಗುರುತೇ ಇಲ್ಲದವಳಂತೆ ತರಕಾರಿಯ ಕಡೆ ತಿರುಗಿಬಿಡುತ್ತಿದ್ದಳು. ಒಂದು ತಲೆ ಬಯಲಾದರೆ ಉಳಿದ ನಲವತ್ತು ತಲೆಗಳು ಮತ್ತೆ ಆ ಹೊಸ್ತಿಲು ತುಳಿಯುವುದಿಲ್ಲ. ಅಕ್ಕತಂಗಿಯರ ಅನ್ನ ಅಲ್ಲಿಗೆ ಮುಗಿಯಿತು. ಇದು ಆಕೆಗೆ ತನ್ನ ಹತ್ತು ಬೆರಳಷ್ಟೇ ಚೆನ್ನಾಗಿ ಗೊತ್ತಿತ್ತು.

ಆ ಕಿಟಕಿಗೂ ಹಿಂದಿನ ಮನೆಯ ಬಾಲ್ಕನಿಗೂ ನಡುವೆ, ಗೋಡೆಯಾಚೆ, ಒಂದು ಅಂಜೂರದ ಮರವಿತ್ತು. ಬೆಳಕನ್ನು ಒಳಗೆ ಬಿಟ್ಟು ಕಣ್ಣುಗಳನ್ನು ಮಾತ್ರ ಹೊರಗೆ ನಿಲ್ಲಿಸುವ ಕಲೆ ಆ ಮರಕ್ಕೆ ಸಿದ್ಧಿಸಿತ್ತು.

ಮರದ ಯಜಮಾನರು ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಬೀದಿಗೆಲ್ಲ ಅವರು ಸಾಹೇಬರು. ನಿವೃತ್ತರಾದದ್ದು ಇಲಾಖೆಗೆ ತಿಳಿದಿತ್ತು, ಅವರಿಗೆ ಅಷ್ಟಾಗಿ ತಿಳಿದಿರಲಿಲ್ಲ. ಪಕ್ಕದ ಮನೆಯವರಿಗೆ ಏನಾದರೂ ಹೇಳುವುದಿದ್ದರೆ ಗೋಡೆಯ ಮೇಲಿಂದ ಕೂಗಿದರೆ ಸಾಕಾಗುತ್ತಿತ್ತು. ಅವರು ಕ್ರಮಸಂಖ್ಯೆ ಹಾಕಿ ಚೀಟಿ ಬರೆದು ಬಾಗಿಲಿಗೆ ಅಂಟಿಸುತ್ತಿದ್ದರು. ಗುಟ್ಟು ಅವರ ಹೊಟ್ಟೆಯಲ್ಲಿ ಒಂದು ಹೊತ್ತೂ ನಿಲ್ಲುತ್ತಿರಲಿಲ್ಲ. ಒಡಹುಟ್ಟಿದ ತಮ್ಮನೇ ಹಲ್ಲಿನ ಸೆಟ್ ಕಟ್ಟಿಸಿಕೊಂಡಾಗ ಮೇಲೆಷ್ಟು, ಕೆಳಗೆಷ್ಟು ಎಂಬ ಲೆಕ್ಕವನ್ನು ವಾಕಿಂಗ್ ಗೆಳೆಯರಿಗೆಲ್ಲ ಒಪ್ಪಿಸಿದ್ದರು.

ಈಗ ಎಡವಟ್ಟಿನ ವಿಷಯ. ಕೂದಲಕ್ಕನ ನಲವತ್ತು ತಲೆಗಳಲ್ಲಿ ಒಂದು ಸಾಹೇಬರ ಹೆಂಡತಿಯದು.

ಎರಡು ವರ್ಷದ ಹಿಂದೆ ಆ ತಾಯಿಯ ಕೂದಲು ಹಿಡಿಹಿಡಿಯಾಗಿ ಉದುರಿ, ಮೂರು ತಿಂಗಳಲ್ಲಿ ತಲೆ ಬೋಳಾಗಿತ್ತು. ಆಕೆ ಮರದ ಕೆಳಗಿನ ಚಿಕ್ಕ ಗೇಟಿನಿಂದ ಈಚೆ ಬಂದು ವಿಗ್ ಕಟ್ಟಿಸಿಕೊಂಡಿದ್ದಳು. ಮಲಗುವಾಗ ಶೀತದ ನೆಪ ಹೇಳಿ ಟೋಪಿ. ಅಂಗಡಿಯವನ ತಕ್ಕಡಿಯಲ್ಲಿ ಎಳ್ಳಿನಷ್ಟು ಮೋಸವನ್ನೂ ಹತ್ತು ಮಾರು ದೂರದಿಂದ ಹಿಡಿಯುತ್ತಿದ್ದ ಸಾಹೇಬರಿಗೆ, ಮಗ್ಗುಲಲ್ಲೇ ನಡೆದ ಈ ಬದಲಾವಣೆ ಗೊತ್ತಾಗಿರಲಿಲ್ಲ. ಗೊತ್ತಾದರೆ ಬೆಳಗಾಗುವುದರೊಳಗೆ ವಾಕಿಂಗ್ ಮಂಡಳಿಯಲ್ಲಿ ವರದಿಯಾಗುತ್ತದೆ ಎಂಬ ಭಯ ಹೆಂಡತಿಗೆ. ಆಮೇಲೆ ತನ್ನ ಬಾಗಿಲಿಗೆ ಯಾರೂ ಬರುವುದಿಲ್ಲ ಎಂಬ ಭಯ ಕೂದಲಕ್ಕನಿಗೆ.

ಒಂದು ಸೋಮವಾರ ಕೂದಲಕ್ಕನ ಬಾಗಿಲ ಮೇಲೆ ಚೀಟಿ ಅಂಟಿತ್ತು: ಅಂಜೂರದ ಎಲೆಗಳಿಂದ ಚರಂಡಿ ಕಟ್ಟಿಕೊಳ್ಳುತ್ತಿದೆ ಎಂದು ತಾವು ಸಲ್ಲಿಸಿದ್ದ ಅರ್ಜಿಯನ್ನು ಕೂಲಂಕಷವಾಗಿ ಪರಿಶೀಲಿಸಿ, ಸದರಿ ಮರವನ್ನು ಬುಡಸಮೇತ ತೆಗೆಸಲು ತೀರ್ಮಾನಿಸಲಾಗಿದೆ.

ಅರ್ಜಿ ಮೂರು ವರ್ಷ ಹಳೆಯದು. ಒಂದು ಜಗಳದ ಬಿಸಿಯಲ್ಲಿ ತಂಗಿ ಬರೆದುಕೊಟ್ಟು ಮರೆತದ್ದು. ಸಾಹೇಬರು ಮರೆತಿರಲಿಲ್ಲ, ಬಾಕಿ ಕಡತಗಳನ್ನು ಸರದಿಯಂತೆ ವಿಲೇವಾರಿ ಮಾಡುತ್ತ ಅದರ ಬಳಿಗೆ ಬಂದಿದ್ದರು, ಅಷ್ಟೆ.

ಕೂದಲಕ್ಕ ಓಡಿದಳು. ಮರ ಕಡಿಸುವುದು ಬೇಡ, ಎಲೆ ನಾವೇ ಗುಡಿಸಿಕೊಳ್ಳುತ್ತೇವೆ ಎಂದಳು. ಸಾಹೇಬರು ಕನ್ನಡಕ ಏರಿಸಿ ಆಕೆಯನ್ನು ಅಳೆದರು.

"ಕಡೀರಿ ಅಂತ ಬರೆದೋರೂ ನೀವೇ, ಬೇಡ ಅನ್ನೋರೂ ನೀವೇ. ಕಾರಣ ಏನಮ್ಮಾ?"

"ನೆರಳಿರುತ್ತೆ ಅಂತ."

"ಮೂರು ವರ್ಷದ ಹಿಂದೆ ನೆರಳಿರಲಿಲ್ವಾ? ನಿಜವಾದ ಕಾರಣ ಬರೆದುಕೊಡಿ, ಪರಿಶೀಲಿಸ್ತೀನಿ."

ಅವರ ಬೆನ್ನ ಹಿಂದೆ ಹೆಂಡತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬರೆಯಬೇಡ ಎಂದು ಆಕೆಯ ಕಣ್ಣು ಗೋಗರೆಯುತ್ತಿತ್ತು. ಕೂದಲಕ್ಕ ನಾಲಗೆ ಕಚ್ಚಿಕೊಂಡು ಹಿಂತಿರುಗಿದಳು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಮರ ನೆಲದ ಮೇಲಿತ್ತು.

ಅಂದು ಹಿಂದಿನ ಕೋಣೆಗೆ ಕಾಲಿಟ್ಟ ಕೂದಲಕ್ಕನಿಗೆ ತಾನೇ ಬರಿತಲೆಯಲ್ಲಿ ಬೀದಿಗೆ ಬಂದಂತಾಯಿತು. ಕಿಟಕಿಯ ತುಂಬ ಬಾಲ್ಕನಿ. ಬಾಲ್ಕನಿಯ ತುಂಬ ಬನಿಯನ್ ತೊಟ್ಟ ಸಾಹೇಬರು. ಮರ ಹೋದ ಮೇಲೆ ಒಳ್ಳೆಯ ಗಾಳಿ ಬರುತ್ತದೆಂದು ಅವರು ಕುರ್ಚಿಯನ್ನು ಅಲ್ಲಿಗೇ ಸಾಗಿಸಿದ್ದರು. ಪತ್ರಿಕೆಯ ಪುಟ ಮಗುಚಿದಾಗಲೆಲ್ಲ ಅವರ ಮುಖ ಇತ್ತ ತಿರುಗುತ್ತಿತ್ತು, ತಿರುಗಿದಾಗಲೆಲ್ಲ ಆಕೆಯ ಕೈಯ ಸೂಜಿ ನಿಲ್ಲುತ್ತಿತ್ತು. ಎರಡನೆಯ ದಿನವೇ ಬಂದ ಗಿರಾಕಿಯೊಬ್ಬಳು, ಕಿಟಕಿಯಾಚೆ ನೋಡಿದವಳೇ, ಬಿಚ್ಚಿದ್ದ ಬಟ್ಟೆಯನ್ನು ಮತ್ತೆ ಸುತ್ತಿಕೊಂಡು ಹೋದಳು, ತಿರುಗಿ ಬರಲಿಲ್ಲ. ಪರದೆ ಎಳೆದು ದೀಪ ಹಚ್ಚಿ ಕಟ್ಟಿದ ವಿಗ್ ಬಿಸಿಲಿಗೆ ಬಂದಾಗ ಇಟ್ಟಿಗೆಯ ಬಣ್ಣಕ್ಕಿತ್ತು. ಅದನ್ನು ತೊಟ್ಟವಳು ದಾರಿಯಿಂದಲೇ ಅಳುತ್ತ ಮರಳಿದಳು. ಎರಡು ತಿಂಗಳೊಳಗೆ ನಲವತ್ತು ತಲೆ ಹದಿನೇಳಾಯಿತು. ಗೇಟು ಕಿರ್ರೆಂದರೆ ಕೂದಲಕ್ಕ ಮೊದಲು ಬಾಲ್ಕನಿಯತ್ತ ನೋಡುತ್ತಿದ್ದಳು. ಊಟದ ತಟ್ಟೆಯನ್ನೂ ಕಿಟಕಿಗೆ ಬೆನ್ನು ಹಾಕಿಯೇ ಹಿಡಿಯುವಂತಾಯಿತು.

ಇಷ್ಟರಲ್ಲಿ ಸಾಹೇಬರ ಹೆಂಡತಿಯ ವಿಗ್ಗಿನ ಬಲೆ ಕಿವಿಯ ಹಿಂದೆ ಹರಿದುಹೋಯಿತು. ಮುಂದಿನ ವಾರದ ಭಾನುವಾರ ನಿವೃತ್ತರ ಸಂಘದಲ್ಲಿ ಸಾಹೇಬರಿಗೆ ಸನ್ಮಾನ. ಹೆಂಡತಿ ವೇದಿಕೆಯ ಮೇಲೆ ಅವರ ಪಕ್ಕ ಕೂರಬೇಕು. ಬಲೆ ಅಷ್ಟು ದಿನ ತಡೆಯುವುದಿಲ್ಲ. ಆಕೆ ಅಂಗಡಿಗೆ ಹೋಗುವ ನೆಪದಲ್ಲಿ ಮುಂಬಾಗಿಲಿಗೆ ಬಂದು, ಜನರೆದುರು ಜಾರಿ ಬೀಳುವುದಕ್ಕಿಂತ ತಾನು ಸಾಯುವುದೇ ಮೇಲು ಎಂದು ಪಿಸುಗುಟ್ಟಿ ಹೋದಳು.

ತಂಗಿಗೆ ಉಪಾಯ ಹೊಳೆಯಿತು.

"ಮರದ ತಲೆಗಳಿವೆಯಲ್ಲ ಅಕ್ಕಾ, ಅವನ್ನೇ ಕಿಟಕೀಲಿ ಸಾಲಾಗಿ ನಿಲ್ಸೋಣ. ಬೋಳು ತಲೆ ಎರಡಿರಲಿ. ಯಾವುದು ಮರ, ಯಾವುದು ಮನುಷ್ಯರು ಅಂತ ಆ ಮಹಾನುಭಾವನಿಗೆ ಅಲ್ಲಿಂದ ಏನು ತಿಳಿಯುತ್ತೆ?"

"ಮುಖ ಯಾವ ಕಡೆಗೆ?"

"ಅವರ ಕಡೆಗೇ. ಅವರೊಬ್ರೇ ನೋಡಬೇಕಾ?"

ಏಳು ತಲೆಗಳು ಕಂಬದ ಮೇಲೇರಿ ಕಿಟಕಿಯಲ್ಲಿ ನಿಂತವು. ಕಣ್ಣಿಲ್ಲದ ಮುಖಗಳೇ ಆದರೂ ಹನ್ನೆರಡು ಹೆಜ್ಜೆ ದೂರದಲ್ಲಿ ಕಣ್ಣಿಲ್ಲದ್ದು ಕಾಣುವುದಿಲ್ಲ, ನೋಡುತ್ತಿರುವುದು ಮಾತ್ರ ಕಾಣುತ್ತದೆ. ಮೂರನೆಯ ದಿನ ಸಾಹೇಬರು ಬಾಲ್ಕನಿಯಲ್ಲಿ ಬನಿಯನ್ ಮೇಲೆ ಅಂಗಿ ತೊಟ್ಟರು. ನಾಲ್ಕನೆಯ ದಿನ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡರು. ಐದನೆಯ ದಿನ ಚೀಟಿ ಬಂತು: ತಮ್ಮ ಕಿಟಕಿಯಲ್ಲಿ ಏಳು ಮಂದಿ ಅಪರಿಚಿತರು, ಅವರಲ್ಲಿ ಇಬ್ಬರು ಬೋಳುತಲೆಯವರು, ಬೆಳಗಿನಿಂದ ಸಂಜೆಯವರೆಗೆ ರೆಪ್ಪೆ ಮುಚ್ಚದೆ ನಮ್ಮ ಬಾಲ್ಕನಿಯನ್ನು ವೀಕ್ಷಿಸುತ್ತಿದ್ದು, ಇದರಿಂದ ನನ್ನ ಖಾಸಗಿ ಬದುಕಿಗೆ ಭಂಗ ಉಂಟಾಗಿದೆ.

ತಂಗಿ ಬಿದ್ದು ಬಿದ್ದು ನಕ್ಕಳು. ಕೂದಲಕ್ಕ ಮಾತ್ರ ಚೀಟಿಯನ್ನು ಮತ್ತೊಮ್ಮೆ ಓದಿದಳು.

"ನಗಬೇಡ ಕಣೆ. ಎಣಿಸ್ತಿದಾರೆ ಅಂತಾಯ್ತಲ್ಲ. ಆಯಮ್ಮ ಬಂದು ಕೂತ ದಿನ ಎಂಟಾಗುತ್ತೆ."

ಹಾಗಾಗದಿರಲು ಒಂದು ಏರ್ಪಾಡು ಮಾಡಿಕೊಂಡರು. ಆಕೆ ಬರುವ ಹೊತ್ತಿಗೆ ಒಂದು ಬೋಳು ಮರದ ತಲೆಯನ್ನು ಕೆಳಗಿಳಿಸುವುದು. ಆಗ ಲೆಕ್ಕ ಏಳೇ.

ಶುಕ್ರವಾರ ಬೆಳಿಗ್ಗೆ ಸಾಹೇಬರು ಸಂಘದ ಸಭೆಗೆ ಹೊರಟದ್ದನ್ನು ತಂಗಿ ಬೀದಿಯ ತಿರುವಿನವರೆಗೆ ನೋಡಿಬಂದಳು. ಹೆಂಡತಿ ಬಂದಳು, ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಕೂತಳು, ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡಳು. ಬೋಳು ತಲೆಯೊಂದು ಕೆಳಗಿಳಿಯಿತು. ಕೂದಲಕ್ಕ ಮೆಲ್ಲಗೆ ಆಕೆಯ ಹಳೆಯ ವಿಗ್ ತೆಗೆದಳು. ಹರಿದ ಜಾಗಕ್ಕೆ ಹಾಕುವ ಬಲೆಯ ತೇಪೆಯನ್ನು ಆ ಬರಿದಾದ, ಎಳೆಗೂಸಿನಂಥ ತಲೆಯ ಮೇಲೆ, ಕಿವಿಯ ಹಿಂದೆ ಹೊಂದಿಸತೊಡಗಿದಳು. ಇನ್ನೊಂದು ಕೈಯಲ್ಲಿ ಹಳೆಯ ವಿಗ್. ಪಕ್ಕದಲ್ಲಿ ಕೆಳಗಿಳಿಸಿದ್ದ ಬೋಳು ಮರದ ತಲೆ. ಮೂವತ್ತು ವರ್ಷದ ಅಭ್ಯಾಸ. ಮನಸ್ಸು ಅಳತೆಯಲ್ಲಿತ್ತು, ಕೈ ತನ್ನ ಪಾಡಿಗೆ ತಾನು ವಿಗ್ಗನ್ನು ಆ ತಲೆಗೆ ತೊಡಿಸಿ, ಬಾಚಿ, ಎತ್ತಿ ಕಿಟಕಿಯಲ್ಲಿಟ್ಟುಬಿಟ್ಟಿತು.

ಸಾಹೇಬರು ಕನ್ನಡಕ ಮರೆತಿದ್ದರು. ಅರ್ಧ ದಾರಿಯಿಂದ ಹಿಂದಿರುಗಿ, ಬಾಲ್ಕನಿಯ ಕುರ್ಚಿಯ ಮೇಲೆ ಅದನ್ನು ತಡಕಾಡುತ್ತ, ರೂಢಿಯಂತೆ ಎಣಿಸಿದರು. ಎಂಟು.

"ಏನೇ," ಎಂಬ ಕೂಗು ಗೋಡೆ ದಾಟಿ ಬಂತು. "ಅಲ್ಲೇನು ಮಾಡ್ತಿದೀಯ ನೀನು?"

ಕೋಣೆಯೊಳಗೆ ಮೂವರೂ ಕಲ್ಲಾದರು.

"ನಿನ್ನನ್ನೇ ಕೇಳ್ತಿರೋದು. ಮುಖಾಮುಖಿ ಕೂತು ಕಿವುಡಿ ಥರ ಆಡ್ತೀಯಲ್ಲ."

ಹೆಂಡತಿ ಸ್ಟೂಲಿನಿಂದ ಜಾರಿ ನೆಲಕ್ಕೆ ಕುಸಿದಳು. ಮೊಣಕಾಲಿನ ನಡುವೆ ತಲೆ ಹುದುಗಿಸಿ, ಎರಡೂ ಅಂಗೈಯಲ್ಲಿ ನೆತ್ತಿ ಮುಚ್ಚಿಕೊಂಡಳು. ಕಂಡುಬಿಟ್ಟರು, ಕಂಡುಬಿಟ್ಟರು ಎಂದು ತುಟಿ ಮಾತ್ರ ಅಲುಗುತ್ತಿತ್ತು. ಆಗಷ್ಟೇ ಕೂದಲಕ್ಕನ ಕಣ್ಣು ಕಿಟಕಿಯ ಮೇಲೆ ಬಿತ್ತು. ಎಂಟನೆಯ ತಲೆ, ಹೆಂಡತಿಯ ಕೂದಲು ತೊಟ್ಟು, ಗಂಡನನ್ನೇ ನೆಟ್ಟ ನೋಟದಿಂದ ನೋಡುತ್ತಿತ್ತು. ಅದನ್ನು ಈಗ ಎತ್ತಿದರೆ ಕತ್ತು ಕಿತ್ತಂತೆ ಕಾಣುತ್ತದೆ. ಬಿಟ್ಟರೆ ಅವರು ಇಲ್ಲಿಗೇ ಬರುತ್ತಾರೆ.

ಬಂದೇಬಿಟ್ಟರು. ಮುಂಬಾಗಿಲ ಮೇಲೆ ದಡದಡ ಸದ್ದಾಯಿತು. ಚೀಟಿಯ ಮನುಷ್ಯ ಸ್ವತಃ ಬಂದದ್ದು ಅದೇ ಮೊದಲು. ಕೂದಲಕ್ಕ ಬಾಗಿಲನ್ನು ಅರ್ಧ ಮಾತ್ರ ತೆರೆದಳು. ಒಳಗೆ ಕೆಲಸ ನಡೆದಿದೆ, ಗಂಡಸರು ಬರುವ ಹಾಗಿಲ್ಲ ಎಂದಳು. ನನ್ನ ಹೆಂಡತಿ ಅಲ್ಲಿ ಕೂತಿದ್ದಾಳೆ, ನಾನೇ ನೋಡಿದ್ದೇನೆ ಎಂದರು ಸಾಹೇಬರು. ಆಕೆ ಎರಡೂ ಕೈ ಚಾಚಿ ಅಡ್ಡ ನಿಂತಳು. ಅಂಗಡಿಗಳ ಹಿಂದಿನ ಕೋಣೆಗೆ ನುಗ್ಗುವುದರಲ್ಲಿ ಅವರಿಗೆ ಮೂವತ್ತೈದು ವರ್ಷದ ಅನುಭವವಿತ್ತು. ಆಕೆಯ ತೋಳಿನ ಕೆಳಗೆ ಬಗ್ಗಿ ನುಸುಳಿದರು.

ನೆಲದ ಮೇಲೆ ಮುದುಡಿ ಕೂತಿದ್ದ ಹೆಂಡತಿಯ ಪಕ್ಕದಲ್ಲೇ ಹಾದು, ನೇರ ಕಿಟಕಿಯ ಬಳಿ ಹೋಗಿ ನಿಂತರು.

"ಮಾತಾಡೋಕೆ ಏನು ರೋಗ ನಿಂಗೆ?" ಎಂದು ಕೂದಲಿನ ಕೆಳಗೆ ಭುಜವಿರಬೇಕಾದ ಕಡೆ ಕೈ ಹಾಕಿದರು. ಭುಜವಿರಲಿಲ್ಲ. ಕೈ ಕಂಬಕ್ಕೆ ತಗುಲಿ, ತಲೆ ಅರ್ಧ ಸುತ್ತು ತಿರುಗಿ, ಕಣ್ಣುಬಾಯಿ ಇಲ್ಲದ ಮುಖ ಅವರ ಮೂಗಿನ ಮುಂದೆ ನಿಂತಿತು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಬಾಯಿಂದ ಬಂದ ಸದ್ದಿಗೆ ಯಾವ ಕ್ರಮಸಂಖ್ಯೆಯೂ ಇರಲಿಲ್ಲ.

ಬೆನ್ನ ಹಿಂದಿನಿಂದ ಸಣ್ಣ ದನಿ ಕೇಳಿತು.

"ನಾನು ಇಲ್ಲಿದೀನಿ."

ಅವರು ತಿರುಗಿದರು. ಹೆಂಡತಿ ನೆತ್ತಿಯಿಂದ ಕೈ ತೆಗೆದಿದ್ದಳು. ಕೂದಲಕ್ಕ ಗೋಡೆಗೆ ಒರಗಿದಳು. ಮುಗಿಯಿತು, ನಾಳೆ ಬೆಳಿಗ್ಗೆ ವಾಕಿಂಗ್ ಮಂಡಳಿ, ನಾಳಿದ್ದು ಇಡೀ ಊರು, ಆಮೇಲೆ ಖಾಲಿ ಸ್ಟೂಲು.

ಸಾಹೇಬರು ಬಹಳ ಹೊತ್ತು ನೋಡಿದರು. ಎರಡು ವರ್ಷದ ಬಾಕಿಯನ್ನು ಒಂದೇ ಸಲಕ್ಕೆ ನೋಡುವವರ ಹಾಗೆ ನೋಡಿದರು. ಎಷ್ಟು ದಿನವಾಯಿತು ಎಂದು ಕೇಳಿದರು, ಆಕೆ ಹೇಳಿದಳು. ಆಮೇಲೆ ಏನೋ ನೆನಪಾದಂತೆ ಥಟ್ಟನೆ ಕಿಟಕಿಯತ್ತ ತಿರುಗಿದರು. ಅಲ್ಲಿಂದ ಅವರದೇ ಬಾಲ್ಕನಿ ಕಾಣುತ್ತಿತ್ತು. ಅದರಾಚೆ ಸಂಘದ ಕಾರ್ಯದರ್ಶಿಯ ಮಹಡಿ, ಅದರಾಚೆ ಖಜಾಂಚಿಯ ತಾರಸಿ, ವಾಕಿಂಗ್ ಮಂಡಳಿಗೆ ಮಂಡಳಿಯೇ. ಸಾಹೇಬರು ಎರಡೂ ತೋಳು ಅಗಲಿಸಿ, ಅಂಗಿಯ ಅಂಚು ಹಿಡಿದು ಹರಡಿ, ಕಿಟಕಿಗೆ ಬೆನ್ನು ಕೊಟ್ಟು ಅಡ್ಡ ನಿಂತರು.

"ಇಲ್ಲಿ ಕೂತವರು ಊರಿಗೆಲ್ಲ ಕಾಣ್ತಾರಲ್ಲಮ್ಮಾ," ಎಂದು ಪಿಸುದನಿಯಲ್ಲಿ ಕೂದಲಕ್ಕನನ್ನು ಗದರಿದರು. "ಇಂಥ ಕೆಲಸ ಇಟ್ಕೊಂಡು, ಒಂದು ಮರೆ ಬೇಡ್ವಾ ಈ ಕಿಟಕಿಗೆ?"

"ಇತ್ತು," ಎಂದಳು ಕೂದಲಕ್ಕ. "ನೀವು ಕಡಿಸಿದ್ರಿ."