ಗಂಗತ್ತೆ ಕರೆದ ಗಾಳಿ

ಆಗೆಲ್ಲ ಭತ್ತ ತೂರಬೇಕೆಂದರೆ ಗಾಳಿಗಾಗಿ ಕಾಯಬೇಕಿತ್ತು. ತೊಂಬತ್ತರ ದಶಕದ ಕೊನೆ; ನಮ್ಮದು ಗುಡ್ನಾಪುರದ ಕೆರೆಯ ಕೆಳಗಿನ ಗದ್ದೆ. ಬೇಸಿಗೆ ಬೆಳೆ ಕಣಕ್ಕೆ ಬಂತೆಂದರೆ ನಾವು ಹುಡುಗಿಯರು ಹುಲ್ಲಿನ ಬಣವೆಯಲ್ಲಿ ಉರುಳಾಡಿ, ಮೈಯೆಲ್ಲ ಕೆರೆದುಕೊಳ್ಳುತ್ತ, ಅವ್ವ ತಂದ ಅಕ್ಕಿ ರೊಟ್ಟಿ, ಕೆಂಪು ಚಟ್ನಿಗೆ ಜಗಳವಾಡುತ್ತಿದ್ದೆವು.

ಗಾಳಿ ನಿಂತರೆ ಕೂಗಿ ಕರೆಯುವುದು ನಮ್ಮೂರ ಪದ್ಧತಿ. ಗಂಡಸರೇ ಕರೆಯಬೇಕು. ಆ ದಿನ ಅವರು ಗಂಟಲು ಕಟ್ಟುವ ತನಕ ಕೂಗಿದರೂ ಒಂದೆಲೆ ಅಲುಗಲಿಲ್ಲ. ಊರಿನಲ್ಲಿ ದೊಡ್ಡ ದನಿ ಎಂದರೆ ಗುಡಿಯ ಭಜನೆಯಲ್ಲಿ ಹಾಡುತ್ತಿದ್ದ ನನ್ನ ಸೋದರತ್ತೆ ಗಂಗತ್ತೆಯದು. ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು.

“ಗಂಗವ್ವ, ನೀನ ಕರಿ. ನಿನ್ನ ದನಿಗೆ ಶಿವನ ಬರ್ತಾನ, ಗಾಳಿ ಯಾವ ಲೆಕ್ಕ?” ಎಂದ ಪಕ್ಕದ ಕಣದ ಬಸಣ್ಣಕಾಕ. ಉಳಿದವರೂ “ಹೌದೌದು, ಕರಿ” ಎಂದರು.

“ಬಂದ ಮ್ಯಾಲ ಸಾಕು ಅನಬ್ಯಾಡ್ರಿ ಮತ್ತ,” ಎಂದು ಅತ್ತೆ ನಕ್ಕು, ಮೊರ ಎತ್ತಿ ಹಿಡಿದು ಕರೆದಳು.

ಇಳಿಹೊತ್ತಿಗೆ ಕೆರೆಯ ಕಡೆ ಆಕಾಶ ಕಪ್ಪಾಯಿತು. ಮಣ್ಣು, ಹೊಟ್ಟು ಸುತ್ತಿಕೊಂಡು ಕಂಬದಂತೆ ಎದ್ದ ಸುಂಟರಗಾಳಿ ಕಣ ಹಾದು ನೇರ ಊರೊಳಗೆ ನುಗ್ಗಿತು. ಅವ್ವ ನನ್ನನ್ನೂ ತಂಗಿಯನ್ನೂ ಗಾಡಿಯ ಕೆಳಗೆ ತಳ್ಳಿ ನಮ್ಮ ಮೇಲೆ ಕವುಚಿ ಬಿದ್ದಳು. ಕಣ್ಣು ಬಿಟ್ಟಾಗ ಓಣಿಗೆ ಓಣಿಯೇ ಹೆಂಚಿಲ್ಲದೆ ನಿಂತಿತ್ತು. ಕಣದ ಚಪ್ಪರದ ತಗಡು ಹಾರಿ ಬಡಿದು ಬಸಣ್ಣಕಾಕನ ಮಗ ಈರಣ್ಣ ಸತ್ತಿದ್ದ. ಗೋಡೆ ಕುಸಿದು ಹಿಂದಿನ ಮನೆಯ ಅಜ್ಜಿಯೂ ಹೋದಳು. ನಾವು ಮೂವರೂ ಉಳಿದೆವು. ಅದಕ್ಕೆ ಇವತ್ತಿಗೂ ಸೋಮವಾರ ಒಂದು ದೀಪ ಹೆಚ್ಚಿಗೆ ಹಚ್ಚುತ್ತೇನೆ.

ಮಣ್ಣು ಮಾಡಿ ಬಂದವರು ಕಾಲು ತೊಳೆಯುವ ಮೊದಲೇ ಮಾತು ಶುರುವಾಯಿತು: “ಗಂಡ ಸತ್ತಾಕಿ ಗಾಳಿ ಕರದ್ರ ಇನ್ನೇನ ಆಕ್ಕೈತಿ?”

ಕರಿ ಎಂದವರೆಲ್ಲ ಅಲ್ಲೇ ನಿಂತಿದ್ದರು. ಮಗನನ್ನು ಕಳಕೊಂಡ ಬಸಣ್ಣಕಾಕನನ್ನು ಬಿಡಿ, ಉಳಿದವರ ಬಾಯಿಗೆ ಏನಾಗಿತ್ತು? “ನೀವ ಹೇಳಿದ್ರಲ್ಲ” ಎಂದ ನನ್ನನ್ನು ಅಪ್ಪನೇ ಗದರಿದ. ಆಮೇಲೆ ಅತ್ತೆಯನ್ನು ಕಣದ ಹತ್ತಿರ ಬಿಡಲಿಲ್ಲ. ಭಜನೆಗೆ ಬಂದರೂ ಬಾಗಿಲ ಬಳಿ ಕೂರುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ.

ನಾನು ದೇವರನ್ನು ನಂಬಿದವಳು. ಹೆಂಗಸೊಬ್ಬಳು ಕೂಗಿದಳೆಂದು ಸಿಟ್ಟಾಗಿ ಹುಡುಗನ ಮೇಲೆ ತಗಡು ಎಸೆಯುವ ದೇವರು ನನಗಂತೂ ಗೊತ್ತಿಲ್ಲ. ಆ ಗಾಳಿ ಒಂದು ಗಳಿಗೆ ಬೀಸಿ ಹೋಯಿತು. ಊರವರ ಬಾಯಿ ನಿಲ್ಲಲೇ ಇಲ್ಲ.

ಈಗ ಕಣವೇ ಇಲ್ಲ; ಮಷೀನು ಗದ್ದೆಯಲ್ಲೇ ಕಾಳು ಬೇರೆ ಮಾಡುತ್ತದೆ. ಗಾಳಿ ಕರೆಯುವ ಕೂಗು ನನ್ನ ಮಕ್ಕಳಿಗೆ ಗೊತ್ತಿಲ್ಲ. ಹೋಗಲಿ, ಅದಕ್ಕೆ ನನಗೆ ಬೇಜಾರಿಲ್ಲ. ಕಳೆದ ಶ್ರಾವಣದಲ್ಲಿ ಗುಡಿಯ ಬಾಗಿಲಲ್ಲಿ, ಹಣ್ಣಾದ ಅತ್ತೆಯ ಪಕ್ಕ ಕೂತು, “ಒಂದ ಪದ ಹಾಡ, ಅತ್ತಿ” ಎಂದೆ. ಅವಳು ಆಚೆ ಅಲುಗುತ್ತಿದ್ದ ಬಾಳೆಯ ಎಲೆ ತೋರಿಸಿದಳು.

“ಬ್ಯಾಡವ್ವ. ಹೊರಗ ಗಾಳಿ ಐತಿ.”