ಗೋಡೆಯ ಪಕ್ಕದ ಗೇಣು ಜಾಗ

ಮೇಲಿನಿಂದ ಬೀಳುವುದನ್ನು ತಡೆಯಲು ಮನುಷ್ಯನಿಂದಾಗದು. ಬಿದ್ದದ್ದನ್ನು ಎಲ್ಲಿ ಕೂರಿಸಬೇಕೆಂಬುದಷ್ಟೇ ಅವನ ಕೈಯಲ್ಲಿದೆ. ಈ ಸತ್ಯವನ್ನು ನಾನು ಯಾವ ಗುರುಗಳಿಂದಲೂ ಪಡೆದವನಲ್ಲ. ಬಣಕಲ್ ಸಮೀಪದ ಹೋಂಸ್ಟೇಯೊಂದರಲ್ಲಿ, ಆಟದ ಮೆಷೀನಿನ ಮುಂದೆ ನಿಂತು, ಸತತ ಹನ್ನೊಂದು ಸಲ ಸೋತು ಪಡೆದದ್ದು.

ನಮ್ಮನ್ನು ಆ ಮೆಷೀನಿನ ಬಳಿ ಕರೆದೊಯ್ದದ್ದು ನನ್ನ ಹೆಂಡತಿಯ ಎಡಗೈ. ಕಾಫಿ ಒಣಗಿಸುವ ಕಣದಲ್ಲಿ ಜಾರಿ ಬಿದ್ದು ಅವಳ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು; ಬೆರಳುಗಳು ಮಾತ್ರ ಮಡಚಲು ಒಪ್ಪಲಿಲ್ಲ. ಮೂಡಿಗೆರೆಯ ಡಾಕ್ಟರು ಹಿಸುಕಲು ರಬ್ಬರ್ ಚೆಂಡು ಕೊಟ್ಟರು. ಅವಳು ಎರಡು ದಿನ ಹಿಸುಕಿ ಅದನ್ನು ನಾಯಿಗೆ ಕೊಟ್ಟಳು. "ಹಿಸುಕಿದ್ರೆ ಏನಾದ್ರೂ ಆಗ್ಬೇಕಲ್ಲ. ಸುಮ್ನೆ ಎಂತಕ್ಕೆ ಹಿಸುಕೋದು?" ಎಂದಳು.

ಅವಳಿಗೆ ಬೇಕಿದ್ದದ್ದು ಒಂದೇ, ಮತ್ತೆ ಕಡುಬು ಕಟ್ಟುವುದು. ಬಿಸಿ ಹಿಟ್ಟನ್ನು ಅಂಗೈಗಳ ನಡುವೆ ಗುಂಡಗೆ ಉರುಳಿಸಲು ಎರಡು ಕೈಯೂ ಮಡಚಬೇಕು. ಅಲ್ಲಿಯವರೆಗೆ ಕಡುಬಿನ ಇಲಾಖೆ ನನ್ನ ಪಾಲಿಗೆ ಬಂದಿತ್ತು. ನನ್ನ ಕಡುಬುಗಳಿಗೆ ಮೂಲೆಗಳಿದ್ದವು. ಅವಳು ಪ್ರತಿ ಬೆಳಿಗ್ಗೆ ಅವನ್ನು ನೋಡಿ, ಏನೂ ಹೇಳದೆ, ತಿನ್ನುತ್ತಿದ್ದಳು. ಬೈದಿದ್ದರೆ ಸಹಿಸಬಹುದಿತ್ತು.

ಹೋಂಸ್ಟೇ ನಡೆಸುವಾಕೆ ನಮ್ಮ ನೆರೆಯವಳು. ಅತಿಥಿಗಳಿಗೆಂದು ಆ ಹಳೆ ಮೆಷೀನು ತರಿಸಿದ್ದಳು. ಅತಿಥಿಗಳು ಅದರ ಮೇಲೆ ಒದ್ದೆ ಟವೆಲ್ ಒಣಹಾಕುತ್ತಿದ್ದರು. ಕೈ ನೋವಿನ ಹೆಂಡತಿಗೆ ಹೊತ್ತು ಹೋಗಲೆಂದು ಒಂದು ಮಧ್ಯಾಹ್ನ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನೆರೆಯವಳು ಟವೆಲ್ ಸರಿಸಿ, "ಬನ್ನಿ ರೈಟರ್ರೇ, ನಿಮ್ಮ ಗೋಡೌನ್ ಕೆಲ್ಸವೇ ಇದು" ಎಂದು ಕರೆದಳು. ಪರದೆಯ ಮೇಲಿನಿಂದ ನಾಲ್ಕು ನಾಲ್ಕು ಚೌಕಗಳ ತುಂಡುಗಳು ಇಳಿಯುತ್ತವೆ, ಕೆಲವು ನೆಟ್ಟಗೆ, ಕೆಲವು ಸೊಟ್ಟಗೆ. ತಿರುಗಿಸಿ ಜೋಡಿಸಬೇಕು. ಈ ಗೋಡೆಯಿಂದ ಆ ಗೋಡೆಯವರೆಗೆ ತುಂಬಿದ ಸಾಲು ಮಾಯವಾಗುತ್ತದೆ. ತುಂಬದಿದ್ದರೆ ರಾಶಿ ಬೆಳೆದು ಮೇಲಕ್ಕೆ ಮುಟ್ಟುತ್ತದೆ, ಆಟ ಮುಗಿಯುತ್ತದೆ.

ಎಸ್ಟೇಟ್ ರೈಟರ್ ಆಗಿ, ಎಂದರೆ ತೋಟದ ಗುಮಾಸ್ತನಾಗಿ, ಮೂವತ್ತು ವರ್ಷ ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಒಟ್ಟಿಸಿದವನು ನಾನು. ತಕ್ಕ ಗಾಂಭೀರ್ಯದಿಂದ ನಿಂತೆ. ತುಂಡುಗಳನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂರಿಸಿದೆ. ಒಂದು ಸಾಲೂ ಮಾಯವಾಗಲಿಲ್ಲ. ಹನ್ನೊಂದನೆಯ ಸೋಲಿಗೆ ಹೆಂಡತಿ ನಕ್ಕಳು.

"ಗೋಡೆಗೆ ಒತ್ತಿಸಿ ಮಾರಾಯ್ರೆ! ಎರಡು ಬದಿಗೂ ಗೇಣು ಜಾಗ ಬಿಟ್ಟಿದ್ದೀರಲ್ಲ. ಶೀತ ಹಿಡಿಯೋಕೆ ಅದೇನು ಪಾರ್ಚ್‌ಮೆಂಟಾ?"

ನಿಜ. ಮೂಟೆ ಗೋಡೆಗೆ ತಾಗಿದರೆ ಮಳೆಗಾಲದ ಶೀತ ಕಾಫಿಗೆ ಇಳಿಯುತ್ತದೆ. ನನ್ನ ಕೈ ತಾನಾಗಿಯೇ ಮೆಷೀನಿನೊಳಗೂ ಗಾಳಿಯಾಡಲು ಜಾಗ ಬಿಟ್ಟಿತ್ತು.

"ಸರ್ಕೊಳ್ಳಿ ಸ್ವಲ್ಪ" ಎಂದು ಅವಳೇ ನಿಂತಳು. ಬಲಗೈಗೆ ಗುಂಡಿ, ಎಡಗೈಗೆ ಕೋಲು. ಕೋಲಿನ ತುದಿಯಲ್ಲಿ ಸಣ್ಣ ಕಡುಬಿನಂಥ ಗುಂಡು. ಮೊದಲ ದಿನ ಅದನ್ನು ಹಿಡಿಯಲಾಗದೆ ಅಂಗೈಯಿಂದಲೇ ನೂಕಿದಳು. ಮರುದಿನ ಊಟವಾದದ್ದೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

ತಿಂಗಳಲ್ಲಿ ಅವಳು ಮುಟ್ಟಿದ ಹಂತದಲ್ಲಿ ತುಂಡುಗಳು ಇಳಿಯುವುದೇ ಇಲ್ಲ, ಕಾಣಿಸುವಾಗಲೇ ತಳದಲ್ಲಿರುತ್ತವೆ. ಕಣ್ಣು ಮಿಟುಕಿಸುವುದರೊಳಗೆ ಜಾರಿಸಿ ಕೂರಿಸಬೇಕು. ಆಟದ ಸೆಳೆತ ನನಗೆ ತಿಳಿದದ್ದು ಹಿಂದೆ ನಿಂತು ನೋಡುವಾಗಲೇ. ತಪ್ಪಿಟ್ಟ ತುಂಡು ನಿಮ್ಮದೇ; ಅದನ್ನು ಮತ್ತೆ ತಲುಪಲು ಮೇಲಿನ ಸಾಲುಗಳನ್ನು ಒಂದೊಂದಾಗಿ ತೀರಿಸುತ್ತ ಬರಬೇಕು. ಕ್ಷಮೆ ಉಂಟು, ಪುಕ್ಕಟೆ ಇಲ್ಲ. ನೋವನ್ನು ನೆನೆಯಲು ಪುರುಸೊತ್ತಂತೂ ಇಲ್ಲವೇ ಇಲ್ಲ.

ಒಂದು ಮಧ್ಯಾಹ್ನ ಅವಳು ಬಲಗೋಡೆಯ ಪಕ್ಕ ಮಾತ್ರ ಒಂದು ಸಂದು ಉಳಿಸಿಕೊಂಡು ಉಳಿದದ್ದನ್ನೆಲ್ಲ ತುಂಬಿದಳು. ರಾಶಿ ಮೇಲೇರುತ್ತಿತ್ತು.

"ಸಂದು ಮುಚ್ಚೇ, ಸೋಲ್ತೀಯ!"

"ಉದ್ದದ್ದು ಬರ್ತದೆ. ಸುಮ್ನಿರಿ."

"ಬರದಿದ್ರೆ?"

"ನೀವೊಂದು ಕಡುಬು ಗುಂಡಗೆ ಕಟ್ತೀರಾಂತ ಎರಡು ತಿಂಗ್ಳಿಂದ ಕಾಯ್ತಾ ಇಲ್ವಾ?"

ಉದ್ದದ ತುಂಡು ಬಂತು. ಅವಳು ಕೋಲನ್ನು ಬಲಕ್ಕೆ ಎಳೆದಳು. ನಾಲ್ಕು ಸಾಲು ಒಮ್ಮೆಗೇ ಮಾಯ. ನೆರೆಯವಳು ಚಪ್ಪಾಳೆ ತಟ್ಟಿದಳು. ನಾನು ಪರದೆಯನ್ನು ನೋಡುತ್ತಿರಲಿಲ್ಲ. ಹೆಂಡತಿಯ ಐದು ಬೆರಳೂ ಆ ಗುಂಡನ್ನು ಪೂರ್ತಿ ಸುತ್ತಿ ಹಿಡಿದಿದ್ದವು, ಅವಳಿಗೇ ತಿಳಿಯದಂತೆ. ಹೇಳಿದರೆ ಎಲ್ಲಿ ಬಿಚ್ಚಿಕೊಳ್ಳುತ್ತವೋ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಅವಳು ಹಿಟ್ಟಿನ ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹದಿನಾಲ್ಕು ಕಡುಬುಗಳಾದವು; ಮೂರು ಒಡೆದವು.