ದೋಣಿಯ ಮೂತಿಗೆ ಮಡಿಲಕ್ಕಿ

ಆಷಾಢ ಹುಟ್ಟುವುದಕ್ಕೆ ಎರಡೇ ದಿನ ಉಳಿದಿದ್ದಾಗ ನಾವು ಬೆಳಗಿನ ರೈಲಿಗೆ ಮಂಡ್ಯ ಬಿಟ್ಟೆವು. ನನ್ನ ಅಕ್ಕ ಪುಟ್ಟಮ್ಮನ ಮಗ ಚೆಲುವನಿಗೆ ಮಾರನೆಯ ಬೆಳಿಗ್ಗೆ ಹೊಳೆಯಾಚೆಯ ಊರಿನಲ್ಲಿ ಧಾರೆ. ಹುಡುಗ ಮಿಲಿಟರಿಯಲ್ಲಿ ಲಾರಿ ಓಡಿಸುವವನು. ಯುದ್ಧ ಬರ್ಮಾ ಗಡಿಗೆ ಬಂದು ಕೂತಿದ್ದ ಕಾಲ ಅದು. ಅವನಿಗೆ ಕೊಟ್ಟ ರಜೆ ಬಲು ಚಿಕ್ಕದು, ಅದರಲ್ಲಿ ಅರ್ಧ ಬರುವ ರೈಲಿನಲ್ಲೇ ಕಳೆದುಹೋಗಿತ್ತು. ಈ ಮುಹೂರ್ತ ತಪ್ಪಿದರೆ ಆಷಾಢ ಕಳೆಯುವತನಕ ಮದುವೆ ಇಲ್ಲ. ಅಷ್ಟರೊಳಗೆ ಹುಡುಗ ಎಲ್ಲಿರುತ್ತಾನೋ, ಹೇಗಿರುತ್ತಾನೋ. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಆದರೆ ಎಲ್ಲರೂ ಅದನ್ನೇ ಯೋಚಿಸುತ್ತಿದ್ದೆವು.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಬೆಲ್ಲದ ಮಂಡಿಯಲ್ಲಿ ತೂಕ ಹಾಕುವವನು, ಮೈಯಲ್ಲೂ ತೂಕದವನು. ಸೋದರಮಾವನೆಂಬ ದೊಡ್ಡಸ್ತಿಕೆಯಲ್ಲಿ ಹೊಸ ಪಂಚೆ ಉಟ್ಟು, ಪೇಟ ಸುತ್ತಿ ಹೊರಟಿದ್ದೆ. ಜೊತೆಗೆ ಮದುಮಗ, ಅಕ್ಕ, ಅಕ್ಕನ ಅತ್ತೆ ನಿಂಗಜ್ಜಿ, ದಾಯಾದಿಗಳ ಪೈಕಿ ನಾಲ್ಕು ಜನ. ಭಾವ ಕಾಲುನೋವಿನಿಂದ ಮನೆಯಲ್ಲೇ ಉಳಿದಿದ್ದರಿಂದ ಗಂಡಿನ ಕಡೆಯ ಹಿರಿತನವೂ ನನ್ನ ಪಾಲಿಗೇ ಬಂದಿತ್ತು. ಮದುವೆ ಊಟದಲ್ಲಿ ಅರ್ಧ ನಮ್ಮದೆಂದು ಮಾತಾಗಿದ್ದರಿಂದ ಎರಡು ಮೂಟೆ ಅಕ್ಕಿ, ಒಂದು ಮಂಕರಿ ಅಚ್ಚುಬೆಲ್ಲ, ಪಾತ್ರೆಪಗಡ, ಸೀರೆಯ ಟ್ರಂಕು ಇವೂ ನಮ್ಮ ಸಂಗಡ ರೈಲು ಹತ್ತಿದವು.

ಮಂಡ್ಯದಿಂದ ಮದ್ದೂರಿಗೆ ಹನ್ನೆರಡು ಮೈಲಿ. ಕಬ್ಬಿನ ಗದ್ದೆ ನೋಡುತ್ತಾ ಕೂತರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಬಂದೇ ಬಿಡುತ್ತದೆ. ಸ್ಟೇಷನ್ನಿನಲ್ಲಿ ಬಿಸಿ ವಡೆ ಕೊಂಡೆವು. ಹಲ್ಲಿಲ್ಲದ ನಿಂಗಜ್ಜಿ ಮಾತ್ರ ಅದನ್ನು ಕಾಫಿಯಲ್ಲಿ ಅದ್ದಿ ಅದ್ದಿ, ನಮಗಿಂತ ಒಂದು ಹೆಚ್ಚಿಗೆ ತಿಂದಳು.

ಅಲ್ಲಿಂದ ಮಳವಳ್ಳಿಗೆ ಬಸ್ಸು. ಪೆಟ್ರೋಲಿಗೆ ಕೂಪನ್ ಬಂದಮೇಲೆ ಬಸ್ಸುಗಳೆಲ್ಲ ಬೆನ್ನಿಗೆ ಹಂಡೆಯಂಥ ಒಲೆ ಕಟ್ಟಿಕೊಂಡು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಒಂದು ಏರು ಬಂತು, ಬಸ್ಸು ಏದುಸಿರು ಬಿಟ್ಟು ನಿಂತಿತು. ಗಂಡಸರೆಲ್ಲ ಇಳಿಯಬೇಕೆಂದು ಕಂಡಕ್ಟರ್ ಕೂಗಿದ. ನಾನು ಇಳಿದದ್ದನ್ನು ನೋಡಿ, "ಇನ್ಯಾರೂ ಇಳೀಬ್ಯಾಡಿ ಬುಡಿ, ಇವ್ರೊಬ್ರೇ ಸಾಕು" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಮಳವಳ್ಳಿಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು ಉಂಡು ಕೈತೊಳೆಯುವ ಹೊತ್ತಿಗೆ ಕೆಟ್ಟ ಸುದ್ದಿ ಬಂತು. ಕಾವೇರಿಗೆ ಹೊಸ ನೀರು ಬಂದಿದೆ, ದಡದ ಗಾಡಿದಾರಿ ನಾಲೆಯ ಹತ್ತಿರ ಕಿತ್ತುಹೋಗಿದೆ. ಹೆಣ್ಣಿನ ಊರು ಹರಿಗೋಲು ಹತ್ತುವ ಕಡವಿನಿಂದ ಆರು ಮೈಲಿ ಮೇಲಕ್ಕೆ, ಆಚೆ ದಡದಲ್ಲಿ. ಹರಿಗೋಲು ಹೊಳೆ ದಾಟಿಸೀತು, ಎದುರು ನೀರಿಗೆ ಆರು ಮೈಲಿ ಹೋಗಲಾರದು. ಅಕ್ಕ ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತಳು.

ಊಟದ ಮನೆಯವನೇ ಬಾಷಾ ಸಾಬರ ಹೆಸರು ಹೇಳಿದ. ಸಾಬರದು ಪೇಟೆಯಲ್ಲಿ ಮೋಟಾರು ರಿಪೇರಿ ಅಂಗಡಿ. ಮೀನು ಹಿಡಿಯಲು ಬರುತ್ತಿದ್ದ ಒಬ್ಬ ಇಂಗ್ಲಿಷ್ ದೊರೆ ಊರು ಬಿಡುವಾಗ ಮಾರಿಹೋದ ಮರದ ದೋಣಿ, ಅದರ ಹಿಂಬದಿಗೆ ತಗುಲಿಹಾಕುವ ಮೋಟಾರು ಅವರ ಹತ್ತಿರ ಇದ್ದವು. ಅಂಗಡಿಗೆ ಹೋಗಿ ನಮ್ಮ ಕಷ್ಟ, ಹುಡುಗನ ರಜೆ ಎಲ್ಲ ಹೇಳಿದೆವು. ಸಾಬರು ಗಡ್ಡ ನೀವಿಕೊಂಡು ಚೆಲುವನನ್ನು ಮೇಲಿಂದ ಕೆಳಕ್ಕೆ ನೋಡಿದರು.

"ನನ್ ತಮ್ಮಾನೂ ಅಲ್ಲೇ ಅವ್ನೆ, ಮಿಲ್ಟ್ರೀಲಿ" ಅಂದರು. "ಪೆಟ್ರೋಲು ಒಂದೇ ಡಬ್ಬ ಐತೆ. ಮ್ಯಾಲಕ್ಕೆ ಓಗಕ್ಕೆ ಅದು ಸಾಕು. ಬರೋವಾಗ ನೀರೇ ತಳ್ಕೊಂಡು ಬತ್ತದೆ. ಆದ್ರೆ ನಡುಮಧ್ಯ ಮುಗುದ್ರೆ, ಮುಂದಿನ ಕೂಪನ್ನು ಬರೋಗಂಟ ಒಂದು ತೊಟ್ಟೂ ಉಟ್ಟಲ್ಲ."

ಗಾಡಿಯಲ್ಲಿ ಕಡವಿಗೆ ಬಂದೆವು. ಕೆಮ್ಮಣ್ಣು ಕಲಸಿದಂಥ ನೀರು ಎರಡೂ ದಡ ತಬ್ಬಿಕೊಂಡು ಹರಿಯುತ್ತಿತ್ತು. ಮೋಡವಿದ್ದರೂ ಮಳೆ ಇರಲಿಲ್ಲ, ಗಾಳಿ ಹಿತವಾಗಿತ್ತು. ಸಾಬರು ಪೆಟ್ರೋಲಿಗೆ ಎಣ್ಣೆ ಬೆರೆಸಿ ಮೋಟಾರಿನ ಹೊಟ್ಟೆಗೆ ಸುರಿದರು. ಅಕ್ಕ ಈ ಕಡೆ ದೋಣಿಯ ಮೂತಿಗೆ ಅರಿಸಿನ ಬಳಿದು, ಕುಂಕುಮ ಇಟ್ಟು, ಹೂ ಮುಡಿಸಿ, ಗಂಗಮ್ಮನ ಪೂಜೆ ಮಾಡಿದಳು. ದೋಣಿ ಹತ್ತುವ ಮೊದಲು ಅದು ನಮ್ಮವರು ಬಿಡದ ಪದ್ಧತಿ.

ಎಡವಟ್ಟಾದದ್ದು ಇಲ್ಲೇ. ಪೂಜೆಯಾದ ಮೂತಿಯ ಕಡೆ ಯಾರೂ ಹೋಗುವಂತಿಲ್ಲ ಎಂದು ಅಕ್ಕ ಅಪ್ಪಣೆ ಮಾಡಿದಳು. ಗಂಗಮ್ಮನ ಎದುರಿಗೆ ಕಾಲು ಚಾಚಿ ಕೂರುವುದುಂಟೇ? ದೇವರ ಮೇಲೆ ಮೂಟೆ ಒಗೆಯುವುದುಂಟೇ? ಸರಿ, ಜಮಖಾನ ಹಾಸಿದ ಹಿಂದಿನ ಹಲಗೆಯ ಮೇಲೆ ಮದುಮಗ, ಅವನ ಪಕ್ಕಕ್ಕೆ ಸೋದರಮಾವ, ಸುತ್ತ ಮುತ್ತ ದಾಯಾದಿಗಳು, ಕಾಲ ಬುಡದಲ್ಲಿ ಅಕ್ಕಿ, ಬೆಲ್ಲ, ಪಾತ್ರೆ. ದೋಣಿಯ ಮುಂದಿನ ಅರ್ಧ ಹೂವಿಗೆ ಮೀಸಲು.

"ತಾಯಿ, ಮುಂದುಕ್ಕೂ ಒಸಿ ಭಾರ ಬೇಕಲ್ಲಾ" ಅಂದರು ಸಾಬರು.

"ಪೂಜೆ ಮಾಡಿವ್ನಿ ಸಾಬ್ರೇ" ಅಂದಳು ಅಕ್ಕ.

ಪೂಜೆಯ ಮಾತು ಬಂದಮೇಲೆ ಸಾಬರು ಮೋಟಾರಿನ ಕಡೆ ತಿರುಗಿದರು. ಹಗ್ಗ ಎಳೆದರು, ಮೋಟಾರು ಕೆಮ್ಮಿ, ಉಗುಳಿ, ಕೂಗಿಕೊಂಡಿತು.

ಹೊರಟೆವೋ ಇಲ್ಲವೋ, ದೋಣಿಯ ಮೂತಿ ಆಕಾಶ ನೋಡಿತು. ಹಿಂಬದಿ ಎಮ್ಮೆ ಕೆಸರಿಗೆ ಕೂತ ಹಾಗೆ ಕೂತುಬಿಟ್ಟಿತು. ಮುಂದೆ ಹೊಳೆಯೇ ಕಾಣದು, ಕಾಣುವುದು ಅರಿಸಿನದ ಮೂತಿಯೊಂದೇ. ಮೋಟಾರಿನ ಗದ್ದಲಕ್ಕೆ ದಡದ ಕೊಕ್ಕರೆಗಳೆಲ್ಲ ಎದ್ದು ಹೋದವು, ಹಿಂದೆ ಗೋಡೆಯಂಥ ಅಲೆ ಏಳುತ್ತಿತ್ತು. ಮದುವೆ ದಿಬ್ಬಣವೆಂದರೆ ಹೀಗಿರಬೇಕು ಎಂದು ನಾನು ಮೀಸೆ ತಿರುವಿದೆ. ಆಮೇಲೆ ದಡದ ಮೇಲಿನ ಒಂದು ಹುಣಿಸೆಮರ ಕಣ್ಣಿಗೆ ಬಿತ್ತು. ಎಷ್ಟು ಹೊತ್ತು ನೋಡಿದರೂ ಅದು ಹಿಂದಕ್ಕೆ ಸರಿಯಲೊಲ್ಲದು. ಅಲೆ ಎಬ್ಬಿಸುವುದಕ್ಕೇ ಪೆಟ್ರೋಲು ಉರಿಯುತ್ತಿತ್ತು, ನಮ್ಮನ್ನು ಸಾಗಿಸುವುದಕ್ಕಲ್ಲ.

ಎರಡು ಮೈಲಿ ಆಗಿರಬಹುದು. ಸಾಬರು ದೋಣಿಯನ್ನು ಒಂದು ಬಂಡೆಯ ಮರೆಗೆ ತಂದು ನಿಲ್ಲಿಸಿ, ಡಬ್ಬದಲ್ಲಿ ಉಳಿದದ್ದನ್ನು ಮೋಟಾರಿಗೆ ತುಂಬಿ, ಕಡ್ಡಿ ಇಳಿಸಿ ನೋಡಿದರು. ಅರ್ಧಕ್ಕೂ ಹೆಚ್ಚು ಖರ್ಚಾಗಿತ್ತು.

"ಇಂಗೇ ಓದ್ರೆ ಊರು ಸಿಕ್ಕಲ್ಲ" ಅಂದರು. "ನಾಕು ಜನಾನ ಇಲ್ಲೇ ಇಳುಸ್ಬೇಕು, ಇಲ್ಲಾ ಮೂಟೆ ಇಳುಸ್ಬೇಕು."

ಸುತ್ತ ಜೊಂಡು, ಮುಳ್ಳು, ನೀರು. ಮದುವೆಗೆ ಹೊರಟವರಲ್ಲಿ ಇಳಿಯುವವರು ಯಾರು? ದಾಯಾದಿಗಳು ಮುಖ ಮುಖ ನೋಡಿಕೊಂಡರು, ಆಮೇಲೆ ಎಲ್ಲರೂ ನನ್ನ ಹೊಟ್ಟೆಯನ್ನು ನೋಡಿದರು. ಸೋದರಮಾವನಿಲ್ಲದೆ ಅದೆಂಥ ಧಾರೆಯೆಂದು ನಾನು ರೇಗಿದೆ. ಚೆಲುವ ಮಾತ್ರ ದೋಣಿಯ ಮೂತಿಯನ್ನೂ ಹಿಂಬದಿಯನ್ನೂ ಅಳೆದು ನೋಡುತ್ತಿದ್ದ.

"ಮಾವ, ಇಳುಸ್ಬೇಕಾಗಿಲ್ಲ" ಅಂದ. "ಲಾರೀಲೂ ಇಂಗೇ. ಸಾಮಾನೆಲ್ಲ ಹಿಂದುಕ್ಕೇ ಏರುದ್ರೆ ಮುಂದ್ಗಡೆ ಎತ್ಕತದೆ. ಮುಂದುಕ್ಕೆ ಸರುಸುದ್ರೆ ಸಾಕು."

"ಗಂಗಮ್ಮ ಅವ್ಳೆ ಕಣ್ಲಾ ಅಲ್ಲಿ" ಅಂದಳು ಅಕ್ಕ. "ನಿನ್ನ ಕಾಪಾಡ್ಲಿ ಅಂತ ಪೂಜೆ ಮಾಡಿವ್ನಿ. ನೀನು ಓಗೋ ಜಾಗ ಎಂಥದು ಅಂತ ಗೊತ್ತಿಲ್ವಾ ನಂಗೆ?"

ಮನೆಯಲ್ಲಿ ಯಾರೂ ಆಡದ ಮಾತು ಹೊಳೆಯ ನಡುವೆ ಹೊರಗೆ ಬಂತು. ಆಗ ಅಷ್ಟು ಹೊತ್ತು ತೂಕಡಿಸುತ್ತಿದ್ದ ನಿಂಗಜ್ಜಿ ಬಾಯಿ ತೆಗೆದಳು.

"ಪುಟ್ಟಿ, ಗಂಗಮ್ಮ ಮುತ್ತೈದೆ ತಾನೆ? ಅರಿಸ್ನ ಕೊಟ್ಟೆ, ಕುಂಕ್ಮ ಕೊಟ್ಟೆ, ಹೂ ಮುಡ್ಸ್ದೆ. ಮಡ್ಲಕ್ಕಿ ಎಲ್ಲವ್ವಾ? ಬಂದ ಮುತ್ತೈದೇನ ಬರೀ ಮಡ್ಲಲ್ಲಿ ಕೂರ್ಸಿ, ಅಕ್ಕೀನೆಲ್ಲ ನಾವು ಕಾಲಡೀಲಿ ಇಟ್ಕಂಡಿವ್ವಿ. ಮುನೀದೆ ಏನ್ ಮಾಡಾಳು?"

ಅಕ್ಕ ಅತ್ತೆಯ ಮುಖವನ್ನೇ ನೋಡಿದಳು.

"ನಾನು ಕಟ್ಟಂಗಿಲ್ಲ, ಗಂಡ ಸತ್ತೋಳು" ಅಂದಳು ಅಜ್ಜಿ. "ನೀನು ಕಟ್ಟು, ಏಳು."

ಅಕ್ಕ ಎದ್ದಳು. ದಾಯಾದಿಗಳು ಎರಡೂ ಮೂಟೆಗಳನ್ನು ಮೆಲ್ಲಗೆ ಎತ್ತಿ ಮೂತಿಯ ಹಿಂದೆ ಇಳಿಸಿದರು. ಅಕ್ಕ ಮೂಟೆಗಳಿಗೆ ಅರಿಸಿನ ಹಚ್ಚಿ, ಮಂಕರಿಯಿಂದ ಎರಡು ಅಚ್ಚು ಬೆಲ್ಲ, ಒಂದು ತೆಂಗಿನಕಾಯಿ, ಎಲೆ ಅಡಿಕೆ ಮೇಲಿಟ್ಟು ಕೈಮುಗಿದಳು. ಮಡಿಲಕ್ಕಿಯ ಜೊತೆಗೆ ಬೆಲ್ಲದ ಮಂಕರಿ ಹೋಯಿತು, ಪಾತ್ರೆ ಹೋಯಿತು. ಮಡಿಲು ತುಂಬುವವರು ಹತ್ತಿರವಿರಬೇಕೆಂದು ಅಜ್ಜಿ ನನ್ನನ್ನೂ ಮುಂದಕ್ಕೆ ಅಟ್ಟಿದಳು.

ಹೊರಟೆವು. ಈಗ ಭಕ್ತಿ ಹೆಚ್ಚಾಗಿತ್ತು. ಮೂತಿ ನೀರು ಉಳುವುದಕ್ಕೆ ಹೊರಟು ದೋಣಿ ಎಡಕ್ಕೂ ಬಲಕ್ಕೂ ಹಾಯತೊಡಗಿತು, ನನ್ನ ಹೊಸ ಪಂಚೆ ಒದ್ದೆಯಾಯಿತು. "ಗೌಡ್ರು ಮಾತ್ರ ಹಿಂದುಕ್ಕೆ ಬರ್ಲಿ" ಅಂದರು ಸಾಬರು. ಬಂದೆ. "ಒಸಿ ಮುಂದುಕ್ಕೆ." ಹೋದೆ. "ಇನ್ನೊಂದು ಮೊಳ." ಮಂಡಿಯಲ್ಲಿ ತಕ್ಕಡಿಗೆ ಕಲ್ಲು ಹಾಕಿ ತೆಗೆದು ಮಾಡುವವನನ್ನೇ ಕಲ್ಲು ಮಾಡಿಕೊಂಡರು. ಚೆಲುವ ಬಿದ್ದು ಬಿದ್ದು ನಕ್ಕ. ಅವನು ಬಂದಾಗಿನಿಂದ ಹಾಗೆ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಆ ನಗುವಿಗೋಸ್ಕರ ಇನ್ನೂ ನಾಲ್ಕು ಸಲ ಬೇಕಾದರೂ ಸರಿಯುತ್ತಿದ್ದೆ.

ನಡುವಿನ ಹಲಗೆಗಿಂತ ತುಸು ಹಿಂದೆ ನಾನು ಕೂತಾಗ ದೋಣಿ ಮಟ್ಟಸವಾಯಿತು. ಸಾಬರು ಮೋಟಾರಿನ ಓರೆ ತಿದ್ದಲು ಅದನ್ನು ಹಿಡಿದಿರುವ ಗೂಟ ಕಿತ್ತು, ಒಂದು ತೂತು ಈಚೆಗೆ ಸಿಕ್ಕಿಸಿದರು. ಕೂಗಾಟ ನಿಂತು ಮೋಟಾರು ರಾಟೆಯ ಹಾಗೆ ಗುನುಗತೊಡಗಿತು. ಹಿಂದಿನ ಅಲೆ ಚಪ್ಪಟೆಯಾಯಿತು. ದಡದ ಮರಗಳು ಒಂದಾದ ಮೇಲೊಂದು ಹಿಂದಕ್ಕೆ ನಡೆದವು. ಸಾಬರು ವೇಗದ ಹಿಡಿಯನ್ನು ಅರ್ಧಕ್ಕೆ ಇಳಿಸಿದರೂ ಮೊದಲಿಗಿಂತ ಜೋರಾಗಿಯೇ ಹೋಗುತ್ತಿದ್ದೆವು. ಆದರೂ ಅಕ್ಕನ ಕಣ್ಣು ಆ ಕಡ್ಡಿಯ ಮೇಲೇ ಇತ್ತು. ಸಾಬರು ಅದನ್ನು ಅದ್ದಿ ತೆಗೆದಾಗಲೆಲ್ಲ ಅವಳು ಉಸಿರು ಹಿಡಿಯುತ್ತಿದ್ದಳು.

ದೀಪ ಹಚ್ಚುವ ಮೊದಲೇ ಹೆಣ್ಣಿನ ಊರಿನ ಸೋಪಾನಕಟ್ಟೆ ಕಂಡಿತು. ಬೀಗರು ವಾಲಗದೊಂದಿಗೆ ದಡಕ್ಕೆ ಬಂದಿದ್ದರು. ಅಕ್ಕ ಇಳಿದವಳೇ ಮೊದಲು ನೀರು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಆಮೇಲೆ ಬೀಗಿತ್ತಿಯನ್ನು ಮಾತಾಡಿಸಿದಳು.

ಧಾರೆ ಮುಹೂರ್ತಕ್ಕೆ ಸರಿಯಾಗಿ ಆಯಿತು. ಹುಡುಗಿ ಜಯಮ್ಮ ತಲೆ ಎತ್ತಲಿಲ್ಲ, ಹುಡುಗ ತಲೆ ಇಳಿಸಲಿಲ್ಲ. ಗಂಗಮ್ಮನ ಮಡಿಲಕ್ಕಿಯಲ್ಲಿ ಮೂರು ಹಿಡಿ ಹೊಳೆಗೆ ಬಿಟ್ಟು ಮಿಕ್ಕದ್ದನ್ನು ಬೇಯಿಸಿದರು. ಊಟ ಬಲು ಸೊಗಸಾಗಿತ್ತು, ಎರಡನೆಯ ಪಂಕ್ತಿಗೂ ಕೂತೆನೆಂದು ನನ್ನ ಮೇಲೆ ಯಾರೋ ಚಾಡಿ ಹೇಳಿದರು.

ಮಧ್ಯಾಹ್ನ ಇಳಿಯುವಾಗ ಹೆಣ್ಣನ್ನು ಕರೆದುಕೊಂಡು ಹಿಂದಿರುಗಿದೆವು. ಮಾರನೆಯ ದಿನ ಚೆಲುವ ಮಂಡ್ಯದಲ್ಲಿ ರೈಲು ಹತ್ತಬೇಕು. ಮನೆ ಸೇರಿದರೆ ನೆಂಟರು, ಶಾಸ್ತ್ರ, ಗದ್ದಲ. ದೋಣಿಯಲ್ಲಿ ಹೊಸ ಜೋಡಿಯನ್ನು ಮುಂದಿನ ಹಲಗೆಯ ಮೇಲೆ ಕೂರಿಸಿದೆವು. ಸಾಬರು ಮೋಟಾರು ಶುರು ಮಾಡಿ ನಡುಹೊಳೆಗೆ ತಂದರು. ತಂದವರು, ಆ ಇಬ್ಬರ ಕಡೆ ಒಂದು ಗಳಿಗೆ ನೋಡಿದರು. ಆಮೇಲೆ ಮೋಟಾರು ನಿಲ್ಲಿಸಿ ಹುಟ್ಟು ಕೈಗೆ ತೆಗೆದುಕೊಂಡರು.

ಸದ್ದಡಗಿತು. ನೀರು ದೋಣಿಯನ್ನು ತಾನೇ ಮೆಲ್ಲಗೆ ನಡೆಸತೊಡಗಿತು. ಚೆಲುವ ಏನೋ ಕೇಳಿದ. ಹುಡುಗಿ ಏನೋ ಹೇಳಿದಳು. ಮತ್ತೆ ಅವನು ಕೇಳಿದ, ಈ ಸಲ ಅವಳು ತಲೆ ಎತ್ತಿ ಹೇಳಿದಳು.

"ಯಾಕೆ ಸಾಬ್ರೇ, ಪೆಟ್ರೋಲು ಮುಗೀತಾ?" ಎಂದಳು ಅಕ್ಕ.

"ಮುಗೀತು ತಾಯಿ" ಅಂದರು ಸಾಬರು.

ಮೋಟಾರಿಗೆ ಒತ್ತಿಕೊಂಡೇ ನಾನು ಕೂತಿದ್ದೆ. ಅದರ ಹೊಟ್ಟೆಯೊಳಗೆ ಇನ್ನೂ ಸಾಕಷ್ಟು ಕುಲುಕುತ್ತಿದ್ದುದು ನನ್ನ ಕಿವಿಗೆ ಚೆನ್ನಾಗಿ ಕೇಳುತ್ತಿತ್ತು.

"ಒಂದು ತೊಟ್ಟೂ ಇಲ್ಲ ಕಣಕ್ಕಾ" ಅಂದೆ ನಾನು. "ನಿಧಾನುಕ್ಕೇ ಓಗನ ಬುಡು."